ನೆಗಡಿ ಮಾತ್ರೆಯ ಹಿಂಬದಿ

ಉತ್ತರಾಯಣ ಮುಗಿದ ಎರಡು ಮೂರು ವಾರಕ್ಕೆ ಗುಜರಾತಿನ ಕನ್ನಡತಿಯರಿಂದ ಈ ಅಂಕಣಕ್ಕೆ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಅಹಮದಾಬಾದಿನ ಬೋಪಲ್‌ನಿಂದ, ವಡೋದರಾದ ಮಾಂಜಲ್‌ಪುರದಿಂದ, ಸೂರತ್ತಿನ ಅಡಾಜಣದಿಂದ. ಊರು ಬೇರೆ, ಕಥೆ ಒಂದೇ. ಗಾಳಿಪಟದ ಹಬ್ಬಕ್ಕೆ ಬೆಳಗಿನ ಚಳಿಯಿಂದ ರಾತ್ರಿ ತುಕ್ಕಲ್ ಹಾರಿಸುವವರೆಗೆ ತಾರಸಿಯ ಮೇಲೇ ನಿಂತದ್ದಾಯಿತು. ಮರುದಿನ ಮೂಗು ಕಟ್ಟಿತು, ಗಂಟಲು ಕೆರೆಯಿತು. ಗಂಡ ಮೂಲೆಯ ಮೆಡಿಕಲ್‌ನಿಂದ ನೆಗಡಿ ಮಾತ್ರೆ ತಂದುಕೊಟ್ಟರು, ಎರಡು ದಿನ ನುಂಗಿದ್ದೂ ಆಯಿತು. ಈಗ ನೋಡಿದರೆ ಮುಟ್ಟು ನಿಂತಿದೆ, ಕಿಟ್‌ನಲ್ಲಿ ಎರಡು ಗೆರೆ ಮೂಡಿವೆ. “ಮೇಡಂ, ಮಗುವಿಗೆ ಏನಾದರೂ ಆಗುತ್ತದೆಯೇ? ತೆಗೆಸಿಬಿಡಬೇಕೇ?”

ಆ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬೇಡ. ಎರಡು ದಿನದ ನೆಗಡಿ ಮಾತ್ರೆಗಾಗಿ ಬಸಿರು ತೆಗೆಸಿ ಎಂದು ತಿಳಿವಳಿಕೆಯಿರುವ ಯಾವ ಡಾಕ್ಟರೂ ಹೇಳುವುದಿಲ್ಲ. ನಾನು ವೈದ್ಯೆಯಲ್ಲ. ಫಾರ್ಮಸಿ ಓದಿ, ವಡೋದರಾದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವಳು. ಮಾತ್ರೆಯೊಳಗೆ ಏನಿದೆ, ಹೊಟ್ಟೆಗೆ ಹೋದ ಮೇಲೆ ಅದು ಏನು ಮಾಡುತ್ತದೆ ಎನ್ನುವುದು ನನ್ನ ಕಸುಬಿಗೆ ಸೇರಿದ ಮಾತು. ನಿಮ್ಮ ಬಿ.ಪಿ., ಥೈರಾಯ್ಡು, ಹಿಂದೆ ಆಗಿದ್ದಿರಬಹುದಾದ ಗರ್ಭಪಾತ ಇವೆಲ್ಲ ಗೊತ್ತಿರುವುದು ನಿಮ್ಮ ಡಾಕ್ಟರಿಗೆ, ಆದ್ದರಿಂದ ಕೊನೆಯ ಮಾತು ಅವರದೇ. ನನ್ನ ಪಾಲಿನದನ್ನು ನಾನು ಹೇಳುತ್ತೇನೆ.

ಮೊದಲು ದಿನ ಎಣಿಸೋಣ. ಡಾಕ್ಟರು ಬಸಿರಿನ ವಾರ ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗೊತ್ತಿರುವವರಿಗೂ ಗಾಬರಿಯಲ್ಲಿ ಇದು ಮರೆತುಹೋಗುತ್ತದೆ. ಜನವರಿ 1ಕ್ಕೆ ಮುಟ್ಟಾದವಳು, 28 ದಿನದ ಚಕ್ರ ಎಂದಿಟ್ಟುಕೊಳ್ಳಿ. ಅವಳ ಅಂಡ ಬಿಡುಗಡೆಯಾಗುವುದು ಹೆಚ್ಚುಕಡಿಮೆ 14–15ರಂದು, ಅಂದರೆ ಸರಿಯಾಗಿ ಉತ್ತರಾಯಣ, ವಾಸಿ ಉತ್ತರಾಯಣದ ದಿನ. 16, 17ರಂದು ಮಾತ್ರೆ ನುಂಗಿದಳು. ಆಗ ಅವಳೊಳಗಿದ್ದದ್ದು ಅಂಡನಾಳದಲ್ಲಿ ಕೆಳಗಿಳಿಯುತ್ತಿದ್ದ ಬೆರಳೆಣಿಕೆಯ ಜೀವಕೋಶಗಳು. ಅವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಶುರುಮಾಡುವುದೇ ಸುಮಾರು ಆರು ದಿನದ ಮೇಲೆ. ತಾಯಿಯ ರಕ್ತದೊಂದಿಗೆ ಕೊಡುಕೊಳ್ಳುವಿಕೆ ಇನ್ನೂ ಆರಂಭವಾಗಿಲ್ಲ. ಫೆಬ್ರುವರಿ 2ಕ್ಕೆ ಕಿಟ್‌ನಲ್ಲಿ ಗೆರೆ ಕಂಡಾಗ ಡಾಕ್ಟರು ನಾಲ್ಕೂವರೆ ವಾರ ಎನ್ನುತ್ತಾರೆ, ಭ್ರೂಣದ ನಿಜವಾದ ವಯಸ್ಸು ಎರಡೂವರೆ ವಾರ. ನಾಲ್ಕೂವರೆ ವಾರವೂ ಮಗುವಿಗೆ ವಿಷ ಹಾಕಿದೆನಲ್ಲ ಎಂದು ಅಳುವವಳು ಮೊದಲು ಅದರಲ್ಲಿ ಎರಡು ವಾರ ಕಳೆಯಬೇಕು. ಆ ಎರಡು ವಾರ ಮಗುವೇ ಇರಲಿಲ್ಲ.

ಗರ್ಭ ಕಟ್ಟಿದ ಮೊದಲ ಎರಡು ವಾರದ ಬಗ್ಗೆ ಭ್ರೂಣಶಾಸ್ತ್ರದಲ್ಲಿ ಒಂದು ಮಾತಿದೆ: ಉಳಿದರೆ ಪೂರ್ತಿ ಉಳಿಯುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ಆ ಹಂತದ ಜೀವಕೋಶಗಳಿಗೆ ನೀನು ಕಣ್ಣು, ನೀನು ಕಿಡ್ನಿ ಎಂದು ಕೆಲಸ ಹಂಚಿಕೆ ಆಗಿರುವುದಿಲ್ಲ. ಕೆಲವು ಸತ್ತರೆ ಮಿಕ್ಕವು ಆ ಜಾಗ ತುಂಬುತ್ತವೆ, ಬಹಳಷ್ಟು ಸತ್ತರೆ ಬಸಿರು ನಿಲ್ಲದೆ ಮುಟ್ಟು ನಾಲ್ಕು ದಿನ ತಡವಾಗಿ ಬರುತ್ತದೆ. ಅರ್ಧಂಬರ್ಧ ಹಾನಿಯಾಗಿ ಊನವುಳಿಯುವುದು ಆಗ ತೀರಾ ಅಪರೂಪ. ಮೈಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವ ಕೆಲವು ಔಷಧಗಳಿಗೆ ಈ ಮಾತು ಸಲ್ಲುವುದಿಲ್ಲ. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಅಂಥದ್ದು. ನೆಗಡಿ ಮಾತ್ರೆಯಲ್ಲಿರುವ ವಸ್ತುಗಳಾದರೆ ಕೆಲವೇ ದಿನಗಳಲ್ಲಿ ಮೈಯಿಂದ ಹೊರಬಿದ್ದಿರುತ್ತವೆ.

ಎಚ್ಚರ ಬೇಕಾದದ್ದು ಅದರ ನಂತರದ ವಾರಗಳಲ್ಲಿ. ಡಾಕ್ಟರರ ಲೆಕ್ಕದ ಐದನೇ ವಾರದಿಂದ ಹತ್ತನೆಯದರ ತನಕ ಅಂಗಾಂಗಗಳು ರೂಪುಗೊಳ್ಳುತ್ತವೆ. ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ ಹೃದಯ ಮಿಡಿಯತೊಡಗುತ್ತದೆ, ಮಿದುಳು–ಬೆನ್ನುಹುರಿಯಾಗುವ ನಾಳ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಈ ವಾರಗಳ ಹೆದರಿಕೆ ಜಗತ್ತಿಗೆ ಹುಟ್ಟಿದ್ದು ಒಂದು ಔಷಧದಿಂದ. ಥಾಲಿಡೊಮೈಡ್ 1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು, ಬಸುರಿಯರ ವಾಕರಿಕೆಗೂ ಬಳಕೆಯಾಯಿತು. ಅದಕ್ಕೂ ಮುಂಚೆ, 1956ರಲ್ಲಿ, ಅದನ್ನು ಬೆರೆಸಿ ಮಾರಿದ್ದು ಒಂದು ಫ್ಲೂ–ನೆಗಡಿ ಮಾತ್ರೆಯಲ್ಲಿ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 1961ರ ಕೊನೆಗೆ ಅದನ್ನು ಹಿಂತೆಗೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಸಾಕಷ್ಟು ಪುರಾವೆಯಿಲ್ಲ ಎಂದು ಅನುಮತಿ ತಡೆಹಿಡಿದದ್ದರಿಂದ ಆ ದೇಶ ಬಹುಮಟ್ಟಿಗೆ ಬಚಾವಾಯಿತು. ಆ ಔಷಧ ಹಾನಿ ಮಾಡಿದ್ದೂ ಒಂದು ಇಕ್ಕಟ್ಟಾದ ಅವಧಿಯಲ್ಲಿ, ಗರ್ಭ ಕಟ್ಟಿದ ಸುಮಾರು 20ರಿಂದ 36ನೇ ದಿನದ ನಡುವೆ. ಹಾಗಾಗಿ ಏನನ್ನು ನುಂಗಿದಿರಿ ಎಂಬ ಪ್ರಶ್ನೆಯ ಜತೆಗೆ ಯಾವತ್ತು ನುಂಗಿದಿರಿ ಎಂಬ ಪ್ರಶ್ನೆ ಇದ್ದೇ ಇರುತ್ತದೆ.

ಇನ್ನೊಂದು ಲೆಕ್ಕವನ್ನೂ ಮನೆಯವರು ಕೇಳಿಸಿಕೊಳ್ಳಬೇಕು, ಮುಖ್ಯವಾಗಿ ಅತ್ತೆಯಂದಿರು. ಒಂದು ಮಾತ್ರೆಯನ್ನೂ ಮುಟ್ಟದ ತಾಯಂದಿರಿಗೂ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಏನಾದರೊಂದು ಹುಟ್ಟುದೋಷ ಇರುತ್ತದೆ. ಅದರಲ್ಲಿ ಔಷಧದಿಂದ ಆದದ್ದು ಬಹಳ ಸಣ್ಣ ಪಾಲು. ಹೆಚ್ಚಿನವಕ್ಕೆ ಕಾರಣವೇ ತಿಳಿಯುವುದಿಲ್ಲ. ಆದರೆ ಸೊಸೆ ಜನವರಿಯಲ್ಲಿ ನೆಗಡಿ ಮಾತ್ರೆ ತಿಂದದ್ದು ಎಲ್ಲರಿಗೂ ನೆನಪಿರುತ್ತದೆ, ಕಾರಣ ಹುಡುಕುವ ಮನೆಗೆ ಅದು ಸುಲಭಕ್ಕೆ ಕೈಗೆ ಸಿಗುತ್ತದೆ. ಇಲ್ಲಿನವರು ಸೋನೋಗ್ರಾಫಿ ಎನ್ನುವ, ನಾವು ಸ್ಕ್ಯಾನಿಂಗ್ ಎನ್ನುವ ಪರೀಕ್ಷೆ ಹನ್ನೊಂದರಿಂದ ಹದಿಮೂರನೇ ವಾರದಲ್ಲೊಮ್ಮೆ, ಹದಿನೆಂಟು–ಇಪ್ಪತ್ತನೇ ವಾರದಲ್ಲೊಮ್ಮೆ ಹೇಗೂ ಆಗುತ್ತದೆ. ನೀವು ಮಾತ್ರೆ ನುಂಗಿದ್ದೀರಿ ಎಂದು ಹೆಚ್ಚಿನದೇನನ್ನೂ ಮಾಡಿಸಬೇಕಾಗಿಲ್ಲ.

ಇನ್ನು ಮಾತ್ರೆಗೇ ಬರೋಣ. ನೆಗಡಿ ಮಾತ್ರೆ ಎಂಬುದು ಒಂದು ಔಷಧವಲ್ಲ, ಉಂಧಿಯು ಇದ್ದಂತೆ, ಹತ್ತಾರು ತರಕಾರಿ ಒಂದೇ ಮಡಕೆಯಲ್ಲಿ. ಸ್ಟ್ರಿಪ್ ತಿರುಗಿಸಿದರೆ ಕಣ್ಣಿಗೆ ಕಷ್ಟ ಕೊಡುವ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಫಿನೈಲೆಫ್ರಿನ್ 10, ಕ್ಲೋರ್‌ಫೆನಿರಮೈನ್ 2, ಕೆಲವದರಲ್ಲಿ ಮೇಲಿಂದ 30 ಮಿಲಿಗ್ರಾಂ ಕೆಫೀನ್. ಮೊದಲನೆಯದು ಜ್ವರ–ಮೈಕೈನೋವಿಗೆ, ಎರಡನೆಯದು ಕಟ್ಟಿದ ಮೂಗಿಗೆ, ಮೂರನೆಯದು ಸೀನು–ಸುರಿಯುವ ಮೂಗಿಗೆ. ನಾಲ್ಕನೆಯದು ಮೂರನೆಯದರ ತೂಕಡಿಕೆ ಕಳೆಯಲಿ ಎಂದು. ನಿಮಗಿದ್ದದ್ದು ಬರೀ ಗಂಟಲು ಕೆರೆತ, ನುಂಗಿದ್ದು ನಾಲ್ಕು ರಾಸಾಯನಿಕ. ಜತೆಗೆ ಮೈ ಬಿಸಿಯಾಯಿತೆಂದು ಒಂದು ಡೋಲೊ 650 ಕೂಡ ಹಾಕಿಕೊಂಡರೆ ಪ್ಯಾರಾಸಿಟಮಾಲ್ ಎರಡು ಸಲ ಹೋಯಿತು. ಎರಡರ ಹೆಸರೂ ಬೇರೆ, ಬಣ್ಣವೂ ಬೇರೆ, ಹೀಗಾಗಿ ಗೊತ್ತಾಗುವುದಿಲ್ಲ.

ಗೊತ್ತಾಗದಂತೆ ನಮ್ಮ ನಿಯಮವೂ ಕೈಜೋಡಿಸಿದೆ. ಔಷಧದ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು ಎಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಒಳ್ಳೆಯದೇ. ಆದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಔಷಧ ಸೇರಿದ ಮಾತ್ರೆಗಳಿಗೆ ಅದರಿಂದ ವಿನಾಯಿತಿ. ಅಂದರೆ ಯಾವ ಮಾತ್ರೆಯ ಹಿಂಬದಿಯನ್ನು ಜನ ಅತಿ ಜರೂರಾಗಿ ಓದಬೇಕೋ ಅದಕ್ಕೇ ಸಣ್ಣಕ್ಷರದ ರಜೆ! ಮೇಲೆ ನಮ್ಮ ಅಂಗಡಿಗಳ ಕತ್ತರಿ ಬೇರೆ. ಹತ್ತರ ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಖಾಕಿ ಲಕೋಟೆಗೆ ಹಾಕಿಕೊಡುವಾಗ ಬ್ರ್ಯಾಂಡಿನ ಅರ್ಧ ಹೆಸರು ಬರುತ್ತದೆ, ಒಳಗಿನ ವಸ್ತುಗಳ ಪಟ್ಟಿ ಅಂಗಡಿಯವನ ಡಬ್ಬಿಯಲ್ಲೇ ಉಳಿಯುತ್ತದೆ. ದೇಶದ ಔಷಧದಲ್ಲಿ ಸುಮಾರು ಮೂರನೇ ಒಂದು ಪಾಲು ತಯಾರಾಗುವ ರಾಜ್ಯ ಇದು. ವಡೋದರಾದಲ್ಲಿ 1907ರಲ್ಲೇ ಅಲೆಂಬಿಕ್ ಹುಟ್ಟಿತು, ಅಹಮದಾಬಾದಿನಲ್ಲಿ ಕ್ಯಾಡಿಲಾ, ಟೊರೆಂಟ್ ಬೆಳೆದವು. ಅಂಥ ಊರುಗಳಲ್ಲೂ ಮನೆಗೆ ಬರುವುದು ಹೆಸರು ಕತ್ತರಿಸಿದ ನಾಲ್ಕು ಮಾತ್ರೆಗಳೇ. ಪೂರ್ತಿ ಸ್ಟ್ರಿಪ್ ಕೊಳ್ಳಿ ಎನ್ನುವುದಿಲ್ಲ, ಕತ್ತರಿಸುವ ಮೊದಲು ಹಿಂಬದಿಯ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಡಾಕ್ಟರ ಮುಂದೆ “ಹಳದಿ ಬಣ್ಣದ್ದು, ಉದ್ದಕ್ಕಿತ್ತು” ಎಂದು ವರ್ಣಿಸುವುದಕ್ಕಿಂತ ಅದು ಎಷ್ಟೋ ಮೇಲು.

ಪಟ್ಟಿಯಲ್ಲಿ ನನಗೆ ಸಿಟ್ಟಿರುವುದು ಫಿನೈಲೆಫ್ರಿನ್ ಮೇಲೆ. ಅದು ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತು. ಮೂಗಿನೊಳಗಿನ ಊತ ಇಳಿಯಲಿ ಎಂದು ಹಾಕುತ್ತಾರೆ. ನುಂಗಿದಾಗ ಅದರ ಬಹುಭಾಗ ಕರುಳಿನ ಗೋಡೆಯಲ್ಲೇ ಒಡೆದುಹೋಗುತ್ತದೆ, ಮೂಗಿನ ತನಕ ತಲುಪುವುದು ಅಲ್ಪಸ್ವಲ್ಪ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆಯ ತಜ್ಞ ಸಮಿತಿ, ಮಾತ್ರೆಯಾಗಿ ನುಂಗಿದ ಫಿನೈಲೆಫ್ರಿನ್‌ನಿಂದ ಕಟ್ಟಿದ ಮೂಗು ಬಿಡುವುದಿಲ್ಲ ಎಂದು ಒಮ್ಮತದಿಂದ ಹೇಳಿತು. ಮರುವರ್ಷ ನವೆಂಬರಿನಲ್ಲಿ ಅದನ್ನು ಅಂಥ ಮಾತ್ರೆಗಳಿಂದ ತೆಗೆಯುವ ಪ್ರಸ್ತಾವವನ್ನೂ ಇಲಾಖೆ ಮುಂದಿಟ್ಟಿತು. ಇದರ ಅಣ್ಣನಂಥ ಸೂಡೊಎಫಿಡ್ರಿನ್ ಮೂಗನ್ನೇನೋ ಬಿಡಿಸುತ್ತದೆ, ಆದರೆ ಮೊದಲ ಮೂರು ತಿಂಗಳಲ್ಲಿ ಅದನ್ನು ತಗೊಂಡವರ ಮಕ್ಕಳಲ್ಲಿ ಹೊಟ್ಟೆಯ ಗೋಡೆ ಪೂರ್ತಿ ಮುಚ್ಚದ ದೋಷ ತುಸು ಹೆಚ್ಚಿತ್ತು ಎಂದು ಕೆಲವು ಅಧ್ಯಯನಗಳು ಹೇಳಿವೆ. ಆ ದೋಷವೇ ಸಾವಿರಾರು ಹೆರಿಗೆಗಳಲ್ಲಿ ಒಂದಕ್ಕೆ ಕಾಣುವಂಥದ್ದು, ಆದ್ದರಿಂದ ಈಗಾಗಲೇ ನುಂಗಿದವರು ನಿದ್ದೆಗೆಡಬೇಕಿಲ್ಲ. ಇನ್ನೂ ನುಂಗದವರಿಗೆ ನನ್ನ ಪ್ರಶ್ನೆ ಬೇರೆ: ಫಿನೈಲೆಫ್ರಿನ್‌ನಂಥ ಲಾಭವೇ ಇಲ್ಲದ ವಸ್ತುವಿಗಾಗಿ ಎಳ್ಳಷ್ಟಾದರೂ ಅಪಾಯವನ್ನು ಯಾಕೆ ಹೊರಬೇಕು?

ಇಂಥ ಕಲಬೆರಕೆ ಮಾತ್ರೆಗಳ ಮೇಲೆ ಸರ್ಕಾರಕ್ಕೂ ಅನುಮಾನ ಇಲ್ಲದಿಲ್ಲ. 2016ರ ಮಾರ್ಚಿನಲ್ಲಿ 344 ಸಂಯೋಜನೆಗಳನ್ನು ಒಮ್ಮೆಲೇ ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು, ಸುಪ್ರೀಂ ಕೋರ್ಟಿನ ತನಕ ಎಳೆದಾಡಿ 2018ರಲ್ಲಿ 328ರ ನಿಷೇಧ ಮತ್ತೆ ಜಾರಿಯಾಯಿತು. 2024ರ ಆಗಸ್ಟಿನಲ್ಲಿ ಇನ್ನೂ 156. ಪ್ರತಿ ಪಟ್ಟಿಯಲ್ಲೂ ನೆಗಡಿ–ಕೆಮ್ಮಿನವು ಇದ್ದವು, ಪ್ರತಿ ಸಲವೂ ಹೊಸ ಮಿಶ್ರಣಗಳು ಹೊಸ ಹೆಸರಿನಲ್ಲಿ ಅಂಗಡಿಯ ಗಾಜಿನ ಹಿಂದೆ ಬಂದು ಕೂತವು.

ಹಾಗಾದರೆ ನೆಗಡಿಯಾದ ಬಸುರಿ ಏನು ಮಾಡಬೇಕು? ಯಾವ ತೊಂದರೆ ಇದೆಯೋ ಅದಕ್ಕಷ್ಟೇ, ಒಂದೇ ವಸ್ತುವಿರುವ ಔಷಧ. ಜ್ವರ, ಮೈಕೈನೋವಿದ್ದರೆ ಬರೀ ಪ್ಯಾರಾಸಿಟಮಾಲ್. ಮೂಗು ಸುರಿದು ನಿದ್ದೆ ಇಲ್ಲದಿದ್ದರೆ ಡಾಕ್ಟರು ಕ್ಲೋರ್‌ಫೆನಿರಮೈನ್ ಅಥವಾ ಸೆಟಿರಿಜಿನ್ ಹೇಳಬಹುದು. ಹತ್ತಾರು ವರ್ಷ ಲಕ್ಷಾಂತರ ಬಸುರಿಯರು ಬಳಸಿರುವ ಔಷಧಗಳವು. ಮೂಗು ಕಟ್ಟಿದ್ದರೆ ಉಪ್ಪುನೀರಿನ ಡ್ರಾಪ್ಸ್, ದಿನಕ್ಕೆ ಎಷ್ಟು ಸಲ ಬೇಕಾದರೂ. ಬೇಡವೇ ಬೇಡ ಎನ್ನುವುದು ಐಬುಪ್ರೊಫೆನ್, ನಿಮೆಸುಲೈಡ್ ಗುಂಪಿನವು. ಕಾಂಬಿಫ್ಲಾಮ್ ಎಂದರೆ ಪ್ಯಾರಾಸಿಟಮಾಲೇ ಎಂದು ನಂಬಿದವರು ಬಹಳ ಮಂದಿ, ಅದರಲ್ಲಿ ಐಬುಪ್ರೊಫೆನ್ ಇದೆ. 20 ವಾರ ಕಳೆದ ಮೇಲೆ ಈ ಗುಂಪಿನ ಮಾತ್ರೆಗಳು ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಹುದು ಎಂದು ಅಮೆರಿಕದ ಇಲಾಖೆ 2020ರಲ್ಲಿ ಎಚ್ಚರಿಸಿದೆ. ಮೊದಲ ತಿಂಗಳುಗಳಲ್ಲೂ ಡಾಕ್ಟರು ಹೇಳದೆ ಮುಟ್ಟಬಾರದು.

“ಅಯ್ಯೋ, ಪ್ಯಾರಾಸಿಟಮಾಲ್‌ನಿಂದ ಆಟಿಸಂ ಬರುತ್ತದಂತಲ್ಲ?” 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹಾಗೆಂದ ಮೇಲೆ ನನಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ. ವಿಶ್ವ ಆರೋಗ್ಯ ಸಂಸ್ಥೆಯೂ ಯುರೋಪಿನ ಔಷಧ ಸಂಸ್ಥೆಯೂ ಅದಕ್ಕೆ ಆಧಾರವಿಲ್ಲ ಎಂದು ಆಗಲೇ ಹೇಳಿದವು. ಈ ವಿಷಯದ ಅತಿ ದೊಡ್ಡ ಅಧ್ಯಯನಗಳಲ್ಲೊಂದು ಸ್ವೀಡನ್ನಿನದು, 2024ರಲ್ಲಿ ಪ್ರಕಟವಾಯಿತು. 1995ರಿಂದ 2019ರ ನಡುವೆ ಹುಟ್ಟಿದ ಸುಮಾರು 25 ಲಕ್ಷ ಮಕ್ಕಳ ದಾಖಲೆ ಅದರಲ್ಲಿದೆ. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ತುಸು ವ್ಯತ್ಯಾಸ ಕಂಡಿತು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನ ಬಸಿರಲ್ಲಿ ಮಾತ್ರೆ ತಿಂದು ಇನ್ನೊಬ್ಬನ ಬಸಿರಲ್ಲಿ ತಿನ್ನದವರನ್ನು ಹೋಲಿಸಿದಾಗ ಆ ವ್ಯತ್ಯಾಸ ಇಲ್ಲವಾಯಿತು. ಮಾತ್ರೆಗಿಂತ ಮನೆತನದ, ಮಾತ್ರೆ ನುಂಗಿಸಿದ ಕಾಯಿಲೆಯ ಪಾತ್ರ ದೊಡ್ಡದು ಎಂದರ್ಥ. ಹಾಗೆಂದು ಪೆಪ್ಪರಮೆಂಟಿನಂತೆ ತಿನ್ನುವ ವಸ್ತುವಲ್ಲ ಅದು. ಆರೋಗ್ಯವಂತ ವಯಸ್ಕರಿಗೇ ದಿನದ ಮೇಲ್ಮಿತಿ 4 ಗ್ರಾಂ. ಬೇಕಾದಾಗ, ಬೇಕಾದಷ್ಟು, ಒಂದೆರಡು ದಿನ, ಅಷ್ಟೇ.

ಮಾತ್ರೆಗೆ ಹೆದರಿ ಜ್ವರವನ್ನು ಸಹಿಸಿಕೊಂಡು ಕೂರುವುದು ಇದಕ್ಕಿಂತ ಕೆಟ್ಟ ಆಯ್ಕೆ. ಮೊದಲ ವಾರಗಳಲ್ಲಿ 102 ಡಿಗ್ರಿಯಂಥ ಜ್ವರ ಇಳಿಯದೆ ಉಳಿದರೆ ಅದೇ ಮಿದುಳು–ಬೆನ್ನುಹುರಿಯ ದೋಷದ ಸಂಭವವನ್ನು ಹೆಚ್ಚಿಸುತ್ತದೆ. ಕಾಯಿಲೆ ನೆಗಡಿಯಲ್ಲ, ಫ್ಲೂ ಆಗಿದ್ದರಂತೂ ಬಸುರಿಗೆ ಅಪಾಯ ಉಳಿದವರಿಗಿಂತ ಜಾಸ್ತಿ. ಗುಜರಾತಿನವರಿಗೆ 2015 ನೆನಪಿರಬೇಕು. ಎಚ್1ಎನ್1 ಜ್ವರ ಆ ವರ್ಷ ರಾಜ್ಯದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರಿಗೆ ತಗಲಿ, ಐನೂರಕ್ಕೂ ಮಿಕ್ಕಿ ಜನ ಸತ್ತರು. ಫೆಬ್ರುವರಿ ಕೊನೆಗೆ ಅಹಮದಾಬಾದಿನಲ್ಲಿ 144ನೇ ಕಲಂ ಹಾಕಿ ಜನ ಸೇರುವುದನ್ನೇ ತಡೆದಿದ್ದರು. ಫ್ಲೂ ಅನುಮಾನವಿದ್ದರೆ ಬಸುರಿಗೆ ಒಸೆಲ್ಟಮಿವಿರ್ ಮಾತ್ರೆಯನ್ನು ಡಾಕ್ಟರು ಮೊದಲ ಎರಡು ದಿನದೊಳಗೇ ಶುರುಮಾಡಲು ನೋಡುತ್ತಾರೆ. ಆಗ “ಮೂರು ತಿಂಗಳು ತುಂಬಲಿ, ಆಮೇಲೆ ತಗೊಳ್ಳುತ್ತೇನೆ” ಎನ್ನಬೇಡಿ. ಉಸಿರು ಮೇಲುಮೇಲಕ್ಕೆ ಬರುವುದು, ಎದೆ ಹಿಡಿದಂತಾಗುವುದು, ಮೂರು ದಿನಕ್ಕೂ ಇಳಿಯದ ಜ್ವರ, ಹನಿ ನೀರೂ ನಿಲ್ಲದ ವಾಂತಿ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ನಡೆಯಿರಿ. 108 ಮೂರೂ ಊರುಗಳಲ್ಲಿ ಇದೆ. ಫ್ಲೂ ಲಸಿಕೆಯನ್ನು ಬಸಿರಿನಲ್ಲಿ ಹಾಕಿಸಿಕೊಳ್ಳಬಹುದು, ನಮ್ಮ ಸ್ತ್ರೀರೋಗ ತಜ್ಞರ ಒಕ್ಕೂಟವೂ ಅದನ್ನು ಹೇಳುತ್ತದೆ. ಕೇಳಿ ಹಾಕಿಸಿಕೊಳ್ಳುವವರು ಕಡಿಮೆ.

ಮೂರು ತಿಂಗಳು ಎಂದೆನಲ್ಲ, ಅದರ ಬಗ್ಗೆ ನನ್ನದೊಂದು ತಕರಾರಿದೆ. ಮೂರು ತಿಂಗಳು ತುಂಬುವ ತನಕ ಯಾರ ಹತ್ತಿರವೂ ಬಾಯಿ ಬಿಡಬಾರದು ಎಂಬ ಪದ್ಧತಿ ನಮ್ಮಲ್ಲೂ ಇದೆ, ಇಲ್ಲಿನವರಲ್ಲೂ ಇದೆ. ನೆಂಟರಿಗೆ, ನೆರೆಯವರಿಗೆ ಹೇಳಬೇಡಿ, ಯಾರು ಬೇಡವೆಂದರು? ಆದರೆ ಅಂಗಾಂಗ ಮೂಡುವುದು ಅದೇ ಮೂರು ತಿಂಗಳಲ್ಲಿ, ಔಷಧದ ಅಂಗಡಿಯವನಿಗೆ ವಿಷಯ ಗೊತ್ತಿರಬೇಕಾದದ್ದೂ ಆಗಲೇ. ದೂರದ ಊರಿನಲ್ಲಿ ಅಮ್ಮ ಹತ್ತಿರವಿಲ್ಲ, ಭಾಷೆ ಅರ್ಧಂಬರ್ಧ, ಗಂಡ ಹಜೀರಾದ ಕಾರ್ಖಾನೆಯ ಪಾಳಿ ಮುಗಿಸಿ ಬರುವ ದಾರಿಯಲ್ಲಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ “ಶರ್ದೀನಿ ಗೋಳಿ ಆಪೋ” ಎನ್ನುತ್ತಾನೆ. ಕೇಳಿದ್ದು ಶೀತದ ಮಾತ್ರೆ, ಬಂದದ್ದು ಶೀತದ ಮಾತ್ರೆ. ಯಾರಿಗೆ ಎಂದು ಅಂಗಡಿಯವನು ಕೇಳಲಿಲ್ಲ, ಇವನು ನಾಚಿಕೆಗೆ ಹೇಳಲಿಲ್ಲ. “ಮಾರಿ ವೈಫ್ ಪ್ರೆಗ್ನೆಂಟ್ ಛೆ, ಫಕ್ತ ಪ್ಯಾರಾಸಿಟಮಾಲ್ ಆಪೋ” ಎನ್ನುವಷ್ಟು ಗುಜರಾತಿ ಎಲ್ಲ ಗಂಡಂದಿರಿಗೂ ಬರಲಿ. ಮುಟ್ಟು ಎರಡು ದಿನ ತಡವಾಗಿದ್ದರೂ ಸಾಕು, ಕಿಟ್ ನೋಡುವ ಮೊದಲೇ ಹೀಗೆ ಹೇಳಿದರೆ ನಷ್ಟವೇನಿಲ್ಲ.

ಮಾತ್ರೆ ಬಿಟ್ಟು ಸಿರಪ್ ಕುಡಿದರೆ ಮೆದು ಎಂಬ ನಂಬಿಕೆಗೂ ಬುಡವಿಲ್ಲ. ಒಳಗಿರುವುದು ಅದೇ ಸರಕು, ಮೇಲಿಂದ ಸಕ್ಕರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ಸತ್ತದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದಿಂದ. ಆ ಸಿರಪ್ ತಮಿಳುನಾಡಿನದು, ಆಮೇಲಿನ ತಪಾಸಣೆಯಲ್ಲಿ ಗುಜರಾತಿನಲ್ಲಿ ತಯಾರಾದ ಎರಡು ಸಿರಪ್‌ಗಳಲ್ಲೂ ಅದು ಮಿತಿ ಮೀರಿ ಸಿಕ್ಕಿತು. ದ್ರವ ಔಷಧದ ದ್ರಾವಕದ ಮೂಲಕ ಬರುವ ಪೀಡೆ ಇದು, ಮಾತ್ರೆಗಳಿಗೆ ಆ ದ್ರಾವಕವೇ ಬೇಕಾಗುವುದಿಲ್ಲ.

ಇನ್ನು ಕಷಾಯ. ಶುಂಠಿ, ಕರಿಮೆಣಸು, ತುಳಸಿ, ಬೆಲ್ಲ ಹಾಕಿ ನಾವು ಕುದಿಸುವುದನ್ನೇ ಪಕ್ಕದ ಮನೆಯ ಬೆನ್ ಉಕಾಳೊ ಎಂದು ಲೋಟದಲ್ಲಿ ತಂದುಕೊಡುತ್ತಾರೆ. ಅಡುಗೆಯ ಅಳತೆಯಲ್ಲಿ ದಿನಕ್ಕೊಂದೆರಡು ಲೋಟ ಕುಡಿಯಿರಿ, ಗಂಟಲಿಗೂ ಹಿತ, ವಾಕರಿಕೆಗೆ ಶುಂಠಿಯೂ ಒಳ್ಳೆಯದು. ಆದರೆ ಕೆಮ್ಮು ಬಿಡುವುದಿಲ್ಲವೆಂದು ಅದಕ್ಕೆ ಆಡುಸೋಗೆ ಎಲೆ ಸೇರಿಸುವುದು ಬೇಡ. ಇಲ್ಲಿ ಅದಕ್ಕೆ ಅರಡೂಸಿ ಎನ್ನುತ್ತಾರೆ, ಬೇಲಿಯಲ್ಲೂ ಬೆಳೆಯುತ್ತದೆ, ಕೆಮ್ಮಿನ ಆಯುರ್ವೇದ ಸಿರಪ್‌ಗಳಲ್ಲಿ ಬಹಳ ಕಡೆ ಅದೇ ಮುಖ್ಯ ಸರಕು. ಅದರಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿಗೆ ಗರ್ಭಕೋಶವನ್ನು ಹಿಂಡುವ ಗುಣವಿದೆ. ಜ್ಯೇಷ್ಠಮಧುವನ್ನೂ ದಿನಾ ಅಗಿಯುತ್ತ ಕೂರಬೇಡಿ, ಫಿನ್ಲೆಂಡಿನಲ್ಲಿ ಬಸುರಿಯರಿಗೆ ಅದನ್ನು ಹೆಚ್ಚು ತಿನ್ನಬೇಡಿ ಎಂದು ಸರ್ಕಾರವೇ ಹೇಳಿದೆ. ಆಸವ, ಅರಿಷ್ಟಗಳಲ್ಲಿ ಹುದುಗಿನಿಂದ ಬಂದ ಆಲ್ಕೋಹಾಲ್ ಇರುತ್ತದೆ. ಪಾನನಿಷೇಧದ ರಾಜ್ಯದಲ್ಲಿ ಕೂತು ಬಸುರಿಯೊಬ್ಬಳು ಅಷ್ಟನ್ನಾದರೂ ಯಾಕೆ ಕುಡಿಯಬೇಕು! ಗಿಡಮೂಲಿಕೆ ಎಂದ ಮಾತ್ರಕ್ಕೆ ಹಿಂಬದಿ ಓದುವುದನ್ನು ಬಿಡುವಂತಿಲ್ಲ. ವಿಕ್ಸನ್ನು ಎದೆಗೆ, ಬೆನ್ನಿಗೆ ತೆಳ್ಳಗೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ.

ನೆಗಡಿಗೆ ಆಂಟಿಬಯೋಟಿಕ್ ನುಂಗುವ ಚಟದ ಬಗ್ಗೆ ಬರೆಯತೊಡಗಿದರೆ ಇನ್ನೊಂದು ಅಂಕಣವಾದೀತು. ಸೂರತ್ತಿನ ಹಿರಿಯರಿಗೆ 1994ರ ಸೆಪ್ಟೆಂಬರ್ ಗೊತ್ತು. ಪ್ಲೇಗ್ ಸುದ್ದಿ ಹಬ್ಬಿ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಊರು ಬಿಟ್ಟರು, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಅಂಗಡಿಗಳಿಂದ ಮಾಯವಾಯಿತು. ಕಾಯಿಲೆ ಇಲ್ಲದವರೂ ಮುಂಜಾಗ್ರತೆಗೆ ನುಂಗಿದರು. ಬಸಿರಿನ ನಾಲ್ಕನೇ ತಿಂಗಳ ಮೇಲೆ ಟೆಟ್ರಾಸೈಕ್ಲಿನ್ ಹೋದರೆ ಅದು ಮಗುವಿನ ಮೂಳೆ, ಹಲ್ಲುಗಳಲ್ಲಿ ಕೂತುಕೊಳ್ಳುತ್ತದೆ, ಹಾಲುಹಲ್ಲು ಹಳದಿ–ಕಂದು ಬಣ್ಣಕ್ಕೆ ತಿರುಗುತ್ತವೆ. ಪ್ಲೇಗ್ ಎಂದರೆ ಜೀವದ ಪ್ರಶ್ನೆ, ಬಿಡಿ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಅಜಿತ್ರೊಮೈಸಿನ್ ಆಗಲಿ ಡಾಕ್ಸಿಸೈಕ್ಲಿನ್ ಆಗಲಿ ಏನೂ ಮಾಡುವುದಿಲ್ಲ. ಸ್ಟ್ರಿಪ್‌ನ ಅಂಚಿನಲ್ಲಿ ನಿಂತ ಕೆಂಪು ಗೆರೆ ಕಂಡರೆ, ಚೀಟಿಯಿಲ್ಲದೆ ಅಂಗಡಿಯವನು ಕೊಟ್ಟರೂ ವಾಪಸ್ ಕೊಡಿ. ಡಾಕ್ಟರೇ ನೋಡಿ, ಸೋಂಕು ಇದೆ ಎಂದು ಅಮಾಕ್ಸಿಸಿಲಿನ್‌ನಂಥದ್ದನ್ನು ಬರೆದಿದ್ದರೆ ಅದನ್ನು ಅರ್ಧಕ್ಕೆ ಬಿಡಬೇಡಿ.

ಕೊನೆಗೆ, ಸೂರತ್ತಿನ ಪಾಲ್ ಕಡೆಯಿಂದ ಬರೆದ ತಂಗಿಗೆ. ನಿಮಗೀಗ ಐದನೇ ತಿಂಗಳು, ಎರಡು ತಿಂಗಳಿಂದ ಮೂಗು ಕಟ್ಟಿಕೊಂಡೇ ಇದೆ, ಜ್ವರವಿಲ್ಲ, ಸೀನಿಲ್ಲ, ಕಣ್ಣು ತುರಿಸುವುದಿಲ್ಲ. ಹೆದರಿ ಯಾವ ಮಾತ್ರೆಯನ್ನೂ ಮುಟ್ಟಿಲ್ಲ, ಅದಕ್ಕೇ ನೆಗಡಿ ವಾಸಿಯಾಗುತ್ತಿಲ್ಲವೇನೋ ಎಂದು ಕೇಳಿದ್ದೀರಿ. ಅದು ನೆಗಡಿಯೇ ಇರಲಿಕ್ಕಿಲ್ಲ. ಬಸಿರಿನ ಹಾರ್ಮೋನುಗಳಿಂದ, ಹೆಚ್ಚಿದ ರಕ್ತದ ಓಟದಿಂದ ಮೂಗಿನ ಒಳಪದರ ಊದಿಕೊಳ್ಳುವುದು ಉಂಟು, ಸುಮಾರು ಐವರು ಬಸುರಿಯರಲ್ಲಿ ಒಬ್ಬರಿಗೆ ಇದು ಆಗುತ್ತದೆ. ಯಾವ ನೆಗಡಿ ಮಾತ್ರೆಗೂ ಇದು ಬಗ್ಗುವುದಿಲ್ಲ, ಮೂಗು ಬಿಡಿಸುವ ಆಕ್ಸಿಮೆಟಜೊಲಿನ್ ಡ್ರಾಪ್ಸ್ ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಅದಕ್ಕೇ ಒಗ್ಗಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಮಲಗುವಾಗ ತಲೆಯ ಕಡೆ ಇನ್ನೊಂದು ದಿಂಬು ಹಾಕಿಕೊಳ್ಳಿ, ಮಲಗುವ ಮುಂಚೆ ಉಪ್ಪುನೀರಿನ ಹನಿ ಬಿಟ್ಟುಕೊಳ್ಳಿ. ಹೆರಿಗೆಯಾದ ಎರಡು ವಾರದೊಳಗೆ ಮೂಗು ತಾನಾಗಿ ಬಿಡುತ್ತದೆ. ಗೊರಕೆ ಶುರುವಾಗಿದೆ ಎಂದು ನಿಮ್ಮವರು ನಗುತ್ತಾರೆಂದು ಬರೆದಿದ್ದೀರಿ. ನಗಲಿ, ಆದರೆ ಗೊರಕೆ ಜೋರಾಗಿ ಅದರ ಜತೆ ಬಿ.ಪಿ.ಯೂ ಏರುತ್ತಿದ್ದರೆ ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ಹೇಳಿ.